ಜೀವರಸಾಯನಶಾಸ್ತ್ರಜ್ಞೆ ಶ್ರೀಮತಿ ಕಮಲಾ ಸೊಹೋನಿ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಗೊರೇಬಾಳ)

ಹೆಣ್ಣಿಗೆ ಅಡಿಗೆಮನೆಯೇ ಪ್ರಪಂಚವೆಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ಆದರೆ ಆ ಅಡಿಗೆಮನೆಯ ಬೇಳೆಕಾಳನ್ನೇ ಪ್ರಯೋಗಶಾಲೆಗೆ ಒಯ್ದು, ಅದರ ಒಳಗುಟ್ಟನ್ನು ಜಗತ್ತಿಗೆ ತೋರಿಸಿಕೊಟ್ಟ ಭಾರತೀಯ ಮಹಿಳೆಯೊಬ್ಬರಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಶ್ರೀಮತಿ ಕಮಲಾ ಸೊಹೋನಿಯವರು. ಅವರು ಹುಟ್ಟಿದ್ದು ಇಂದೂರಿನಲ್ಲಿ, ಬಾಳಿದ್ದು ಮುಂಬಯಿಯಲ್ಲಿ. ಆದರೆ ಅವರ ವಿಜ್ಞಾನ ಜೀವನದ ಮೊದಲ ಹೋರಾಟ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆದುದರಿಂದ ಕನ್ನಡಿಗರಾದ ನಾವು ಅವರನ್ನು ಅರಿಯಬೇಕಾದುದು ಎರಡು ಪಟ್ಟು ಅವಶ್ಯವಾಗಿದೆ.

ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ರಾಜರ ಯುದ್ಧಗಳೂ ಒಪ್ಪಂದಗಳೂ ಮಾತ್ರವೇ ಇತಿಹಾಸವೆನಿಸುವುದಿಲ್ಲ. ಮುಚ್ಚಿದ್ದ ಬಾಗಿಲೊಂದು ಯಾವಾಗ ತೆರೆಯಿತು, ಯಾರು ತಟ್ಟಿದ್ದರಿಂದ ತೆರೆಯಿತು ಎಂಬುದೂ ಇತಿಹಾಸವೇ. ಆ ದೃಷ್ಟಿಯಿಂದ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕಮಲಾ ಭಾಗವತ್ ಅವರು ೧೯೧೧ನೆಯ ಇಸವಿ ಜೂನ್ ೧೮ರಂದು ಇಂದೂರಿನಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್, ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ವ್ಯಾಸಂಗ ಮಾಡಿದವರು. ಮರಾಠಿಯ ಪ್ರಸಿದ್ಧ ಲೇಖಕಿಯೂ ಜಾನಪದ ವಿದ್ವಾಂಸರೂ ಆದ ದುರ್ಗಾ ಭಾಗವತ್ ಅವರು ಕಮಲಾ ಅವರ ಸೋದರಿ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಸಾಹಿತ್ಯದಲ್ಲಿ, ಮತ್ತೊಬ್ಬರು ವಿಜ್ಞಾನದಲ್ಲಿ ಹೆಸರಾದುದನ್ನು ನೋಡಿದರೆ, ಮನೆಯಲ್ಲಿ ವಿದ್ಯೆಯ ದೀಪವಿದ್ದರೆ ಅದರ ಬೆಳಕು ಗಂಡು ಹೆಣ್ಣೆಂಬ ಭೇದವನ್ನು ನೋಡುವುದಿಲ್ಲವೆಂದು ತಿಳಿಯುತ್ತದೆ.

೧೯೩೩ರಲ್ಲಿ ಕಮಲಾ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಅಭ್ಯಸಿಸಿ, ಮೊದಲಿಗರಾಗಿ ತೇರ್ಗಡೆಯಾದರು. ತಂದೆ ಚಿಕ್ಕಪ್ಪಂದಿರು ಓದಿದ ಬೆಂಗಳೂರಿನ ಆ ಸಂಸ್ಥೆಯಲ್ಲಿಯೇ ತಾವೂ ಸಂಶೋಧನೆ ಮಾಡಬೇಕೆಂಬುದು ಅವರ ಆಸೆ. ಅರ್ಜಿ ಹಾಕಿದರು. ಅವರಿಗಿಂತ ಕಡಿಮೆ ಅಂಕ ಪಡೆದವರಿಗೂ ಅಲ್ಲಿ ಪ್ರವೇಶ ದೊರೆಯುವಂತಿದ್ದಿತು. ಆದುದರಿಂದ ತಮಗೆ ದೊರೆಯುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಬೆಂಗಳೂರಿನ ಬಾಗಿಲು

ಭಾರತೀಯ ವಿಜ್ಞಾನ ಮಂದಿರವು ಜಮಸೇಟ್‌ಜಿ ಟಾಟಾ ಅವರ ಕನಸಿನ ಫಲ. ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ, ೧೯೦೯ರಲ್ಲಿ ಅದು ಸ್ಥಾಪನೆಯಾಯಿತು. ೧೯೩೩ರಲ್ಲಿ ಸರ್ ಸಿ. ವಿ. ರಾಮನ್ ಅವರು ಅದರ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮೂರು ವರ್ಷಗಳ ಹಿಂದೆ, ೧೯೩೦ರಲ್ಲಿ, ನೊಬೆಲ್ ಪಾರಿತೋಷಕ ಪಡೆದು ದೇಶದ ಕೀರ್ತಿಯನ್ನು ಮುಗಿಲಿಗೆ ಮುಟ್ಟಿಸಿದ್ದ ಮಹನೀಯರು ಅವರು.

ಅಂತಹ ರಾಮನ್ ಅವರು ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಕಾರಣವಾಗಿ ತೋರಿಸಿದುದು ಒಂದೇ: ಅರ್ಜಿದಾರಳು ಹೆಣ್ಣು. ಸಂಶೋಧನೆಯು ಹೆಂಗಸರಿಂದ ಆಗುವ ಕೆಲಸವಲ್ಲವೆಂಬುದು ಅವರ ಅಂದಿನ ಅಭಿಪ್ರಾಯವಾಗಿದ್ದಿತು.

ಇಪ್ಪತ್ತೆರಡು ವರ್ಷದ ಈ ತರುಣಿ ಸುಮ್ಮನಾಗಲಿಲ್ಲ. ನೇರವಾಗಿ ಬೆಂಗಳೂರಿಗೆ ಬಂದು ನಿರ್ದೇಶಕರನ್ನು ಕಂಡು, ತಮ್ಮನ್ನು ಬಿಟ್ಟುದಕ್ಕೆ ಸರಿಯಾದ ಕಾರಣವೇನೆಂದು ಕೇಳಿದರು. ಉತ್ತರ ದೊರೆಯದಿದ್ದರೆ ಅವರ ಕಚೇರಿಯ ಬಾಗಿಲಲ್ಲಿಯೇ ಸತ್ಯಾಗ್ರಹ ಹೂಡುವೆನೆಂದರೆಂದು ಹೇಳುತ್ತಾರೆ. ಗಾಂಧೀಜಿಯವರ ಸತ್ಯಾಗ್ರಹವು ದೇಶವನ್ನೆಲ್ಲ ಎಬ್ಬಿಸಿದ್ದ ಕಾಲವದು. ಉಪ್ಪಿಗಾಗಿ ಹೂಡಬಹುದಾದ ಸತ್ಯಾಗ್ರಹವನ್ನು ವಿದ್ಯೆಗಾಗಿ ಏಕೆ ಹೂಡಬಾರದು?

ಕೊನೆಗೆ ರಾಮನ್ ಅವರು ಒಪ್ಪಿದರು. ಆದರೆ ಷರತ್ತುಗಳ ಮೇಲೆ. ಮೊದಲನೆಯದಾಗಿ, ಮೊದಲ ವರ್ಷ ಅವರು ಸಂಸ್ಥೆಯ ಕ್ರಮಬದ್ಧ ವಿದ್ಯಾರ್ಥಿನಿಯಾಗಿರುವುದಿಲ್ಲ. ಕೆಲಸದ ಗುಣವು ನಿರ್ದೇಶಕರಿಗೆ ಒಪ್ಪಿಗೆಯಾದ ಮೇಲೆಯೇ ಮನ್ನಣೆ. ಎರಡನೆಯದಾಗಿ, ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದಾಗಿ, ತಾವಿರುವುದರಿಂದ ಪ್ರಯೋಗಶಾಲೆಯ ವಾತಾವರಣ ಕೆಡದಂತೆ, ಎಂದರೆ ಗಂಡಸರ ಗಮನ ಚದುರದಂತೆ, ನೋಡಿಕೊಳ್ಳಬೇಕು. ಗಮನ ಚದುರುವುದು ಗಂಡಸರದ್ದು, ಜವಾಬ್ದಾರಿ ಮಾತ್ರ ಹೆಂಗಸಿನದು! ಕಮಲಾ ಅವರಿಗೆ ಇದರ ಅವಮಾನ ತಿಳಿಯದೆ ಇರಲಿಲ್ಲ. ಆದರೂ ವಿದ್ಯೆಯ ಮೇಲಿನ ಆಸೆಯಿಂದ ಅವನ್ನು ಒಪ್ಪಿಕೊಂಡರು.

ಸುದೈವದಿಂದ ಅವರಿಗೆ ಶ್ರೀ ಎಂ. ಶ್ರೀನಿವಾಸಯ್ಯನವರಂತಹ ಗುರುಗಳು ದೊರೆತರು. ಶಿಸ್ತಿನಲ್ಲಿ ಕಠಿಣರು, ವಿದ್ಯೆಯನ್ನು ಧಾರೆಯೆರೆಯುವುದರಲ್ಲಿ ಉದಾರಿಗಳು. ಬೆಳಗಿನ ೫ ಗಂಟೆಯಿಂದ ರಾತ್ರಿ ೧೦ ಗಂಟೆಯವರೆಗೆ ದುಡಿಮೆ ನಡೆಯುತ್ತಿದ್ದಿತೆನ್ನುತ್ತಾರೆ. ಹಾಲಿನಲ್ಲಿಯೂ ಬೇಳೆಕಾಳುಗಳಲ್ಲಿಯೂ ಇರುವ ಪ್ರೋಟೀನುಗಳನ್ನು ಬೇರ್ಪಡಿಸಿ ಪರೀಕ್ಷಿಸುವುದು ಅವರ ವಿಷಯ. ಒಂದು ವರ್ಷ ಕಳೆಯಿತು. ರಾಮನ್ ಅವರು ತೃಪ್ತರಾಗಿ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯನ್ನಾಗಿ ಅಂಗೀಕರಿಸಿದರು. ೧೯೩೬ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎಸ್‌ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು.

ಅದಕ್ಕಿಂತ ಹಿರಿದಾದ ಫಲ ಮತ್ತೊಂದಿದೆ. ಆ ಬಳಿಕ ರಾಮನ್ ಅವರು ಮಹಿಳೆಯರಿಗೂ ಪ್ರವೇಶ ಕೊಡಲು ಒಪ್ಪಿದರು. ೧೯೪೦ರಲ್ಲಿ ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದ ಅನ್ನಾ ಮಣಿಯವರು ಮುಂದೆ ಭಾರತದ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಪದವಿಗೇರಿದರು. ಕನ್ನಡ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಅದೇ ಸಂಸ್ಥೆಯಲ್ಲಿ ದುಡಿದು, ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ೧೯೫೩ರಲ್ಲಿ ಹಿಂದಿರುಗಿ ಅಲ್ಲಿಯೇ ಎಂಜಿನಿಯರಿಂಗ್ ಅಧ್ಯಾಪಕಿಯಾದರು.

ರಾಮನ್ ಅವರ ಹಿರಿಮೆಗೆ ಇದರಿಂದ ಕುಂದು ಬರುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಆಕಾಶದ ಬೆಳಕನ್ನು ಅಳೆದ ಕಣ್ಣಿಗೂ ಮನೆಯ ಮೂಲೆಯ ಕತ್ತಲೆ ಕಾಣದಿರುವುದುಂಟು. ಆದರೆ ಕಮಲಾ ಅವರು ಆ ನೋವನ್ನು ಮರೆಯಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ, ೧೯೯೭ರಲ್ಲಿ, ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಅವರು ಅದನ್ನು ನೆನೆದರು. ನೊಬೆಲ್ ಪಡೆದವರೇ ಹೀಗೆ ನಡೆದುಕೊಂಡರೆ ಉಳಿದವರಿಂದ ಏನನ್ನು ನಿರೀಕ್ಷಿಸಬಹುದೆಂಬುದು ಅವರ ಮಾತಿನ ಸಾರವಾಗಿದ್ದಿತು.

ಷರತ್ತಿನ ಓದು

ಇಲ್ಲಿ ನನ್ನದೊಂದು ಮಾತನ್ನು ಹೇಳಲು ವಾಚಕರು ಅನುಮತಿ ಕೊಡಬೇಕು. ಕಮಲಾ ಅವರು ಬೆಂಗಳೂರಿಗೆ ಬಂದಾಗ ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ೧೯೪೮ರ ಸೆಪ್ಟೆಂಬರಿನವರೆಗೂ ಹಾಗೆಯೇ ಇದ್ದಿತು. ನಮ್ಮ ಅಜ್ಜಿಯ ತಲೆಮಾರಿಗೆ ಶಾಲೆಯ ಬಾಗಿಲೇ ಇರಲಿಲ್ಲವೆಂದ ಮೇಲೆ ಅದನ್ನು ತಟ್ಟುವ ಮಾತೆಲ್ಲಿಯದು? ನಮ್ಮ ಅವ್ವ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ನಡೆದವರು. ನಮ್ಮ ಮನೆತನದಲ್ಲಿ ಪದವಿಯ ಕೊನೆಯ ವರ್ಷಕ್ಕೆ ಬಂದವಳು ನಾನೇ ಮೊದಲು.

ನನಗೂ ಕಾಲೇಜಿಗೆ ಪ್ರವೇಶ ದೊರೆತುದು ಮೂರು ಷರತ್ತುಗಳ ಮೇಲೆ. ಸಂಜೆಯ ಬಸ್ಸು ತಪ್ಪಬಾರದು. ಒಂದು ವಿಷಯದಲ್ಲಿ ನಪಾಸಾದರೂ ಓದು ಅಲ್ಲಿಗೆ ಮುಗಿಯಿತು. ಊರಲ್ಲಿ ಯಾರ ಬಾಯಿಗೂ ಮಾತಾಗಬಾರದು. ‘ಓದಾಕ ಬ್ಯಾಡ ಅನ್ನಂಗಿಲ್ಲವ್ವ, ಮಂದಿ ಮಾತಿಗೆ ಅಂಜತೀನಿ’ ಎಂದು ಅಪ್ಪ ಹೇಳಿದುದು ನನಗೆ ನೆನಪಿದೆ. ವಿಜ್ಞಾನ ಓದಬೇಕೆಂಬ ಆಸೆಯಿದ್ದರೂ, ಪಿ.ಯು.ಸಿ.ಯಲ್ಲಿ ಅದಕ್ಕೆ ಮನೆಯಿಂದ ದೂರ ಹೋಗಿ ಇರಬೇಕಾಗುವುದೆಂದು ಕಲಾ ವಿಭಾಗವೇ ಗತಿಯಾಯಿತು. ಬಸ್ಸಿನ ಖರ್ಚಿನ ಚಿಂತೆಯೇನೋ ೨೦೨೩ರ ಜೂನಿನಲ್ಲಿ ಸರ್ಕಾರವು ಶಕ್ತಿ ಯೋಜನೆಯನ್ನು ತಂದಮೇಲೆ ತಪ್ಪಿತು. ಮಂದಿಯ ಮಾತಿನ ಚಿಂತೆಗೆ ಯಾವ ಯೋಜನೆಯೂ ಬಂದಿಲ್ಲ.

ನಾನು ಅಪ್ಪನನ್ನು ದೂರುತ್ತಿಲ್ಲ. ಅವರ ಷರತ್ತು ಹುಟ್ಟಿದುದು ಅಂಜಿಕೆಯಿಂದ. ವಿಜ್ಞಾನ ಮಂದಿರದ ಷರತ್ತು ಹುಟ್ಟಿದುದು ಅಪನಂಬಿಕೆಯಿಂದ. ಆದರೆ ಎರಡಕ್ಕೂ ಒಂದು ಗುಣ ಸಮಾನವಾಗಿದೆ. ಗಂಡುಹುಡುಗನೊಬ್ಬ ನಪಾಸಾದರೆ ಅವನೊಬ್ಬನೇ ನಪಾಸಾಗುತ್ತಾನೆ. ಹುಡುಗಿಯೊಬ್ಬಳು ನಪಾಸಾದರೆ ಅವಳ ಹಿಂದೆ ಬರುವವರೆಲ್ಲರೂ ಪರೀಕ್ಷೆಗೆ ಕೂಡದೆಯೇ ನಪಾಸಾಗುತ್ತಾರೆ. ಕಮಲಾ ಅವರು ಆ ಒಂದು ವರ್ಷ ಹೊತ್ತ ಭಾರ ಇದೇ. ಅವರ ಕೆಲಸ ಕೆಟ್ಟಿದ್ದರೆ ‘ನೋಡಿದಿರಾ, ಹೆಂಗಸರಿಂದ ಆಗದು’ ಎಂಬ ಮಾತು ಗಟ್ಟಿಯಾಗುತ್ತಿದ್ದಿತು. ಕೆಲಸ ಚೆನ್ನಾಗಿ ಆಯಿತು. ಬಾಗಿಲು ಉಳಿದವರಿಗೂ ತೆರೆಯಿತು.

ಕೇಂಬ್ರಿಜ್‌ನಲ್ಲಿ

೧೯೩೭ರಲ್ಲಿ ಕಮಲಾ ಅವರು ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು. ಅಲ್ಲಿಯ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಹಾಪ್ಕಿನ್ಸ್. ವಿಟಮಿನ್ನುಗಳ ವಿಚಾರದಲ್ಲಿ ೧೯೨೯ರ ನೊಬೆಲ್ ಪಡೆದವರು. ತಮ್ಮ ಪ್ರಯೋಗಶಾಲೆಯಲ್ಲಿ ಮಹಿಳೆಯರಿಗೆ ಧಾರಾಳವಾಗಿ ಅವಕಾಶ ಕೊಟ್ಟವರು. ಅಲ್ಲಿ ಕಮಲಾ ಅವರು ಮೊದಲು ಡೆರೆಕ್ ರಿಕ್ಟರ್ ಅವರೊಡನೆ, ಆಮೇಲೆ ಸಸ್ಯಗಳ ವಿಷಯದಲ್ಲಿ ಪ್ರಖ್ಯಾತರಾದ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡಿದರು.

ಅವರ ಶೋಧವನ್ನು ನಮ್ಮಂತಹ ಕಲಾ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ. ನಾವು ಉಂಡ ಅನ್ನವು ದೇಹದಲ್ಲಿ ಆಮ್ಲಜನಕದೊಡನೆ ಸೇರಿ ಶಕ್ತಿಯಾಗುತ್ತದೆ. ಸೌದೆ ಉರಿದಂತೆ ಇದು ಒಮ್ಮೆಲೇ ಆಗುವುದಿಲ್ಲ. ಹಾಗಾದರೆ ಜೀವಕೋಶವೇ ಸುಟ್ಟುಹೋದೀತು. ಮನೆಯ ಮೇಲ್ಛಾವಣಿಗೆ ಕಾಂಕ್ರೀಟು ಹಾಕುವಾಗ ಕೆಲಸಗಾರರು ಸಾಲಾಗಿ ನಿಂತು ಪುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ಎಲ್ಲರೂ ನೋಡಿದ್ದೀರಿ. ಜೀವಕೋಶದಲ್ಲಿಯೂ ಅಂತಹ ಒಂದು ಸಾಲಿದೆ. ಆಹಾರದಿಂದ ಹೊರಟ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಮುಟ್ಟುತ್ತವೆ. ದಾಟುವಾಗ ಬಿಡುಗಡೆಯಾಗುವ ಶಕ್ತಿಯೇ ನಮ್ಮ ಬದುಕು. ಆ ಸಾಲಿನಲ್ಲಿ ನಿಂತ ಒಬ್ಬ ಆಳಿನ ಹೆಸರು ಸೈಟೋಕ್ರೋಮ್ ಸಿ. ಅದು ಕಬ್ಬಿಣದ ಅಂಶವುಳ್ಳ ಒಂದು ಪ್ರೋಟೀನು.

ಕಮಲಾ ಅವರು ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಈ ಸೈಟೋಕ್ರೋಮ್ ಸಿ ಸಸ್ಯಗಳ ಜೀವಕೋಶದಲ್ಲಿಯೂ ಇದ್ದು ಅವುಗಳ ಉಸಿರಾಟದಲ್ಲಿ ಪಾಲುಗೊಳ್ಳುತ್ತದೆಂದು ತೋರಿಸಿದರು. ಉಳುವ ರೈತ, ಎಳೆಯುವ ಎತ್ತು, ಬೆಳೆಯುವ ಪೈರು, ಮೂರೂ ಒಳಗೊಳಗೆ ಒಂದೇ ಬಗೆಯಲ್ಲಿ ಉಸಿರಾಡುತ್ತವೆಂದರೆ ಎಂತಹ ಅದ್ಭುತ! ಈ ವಿಷಯದ ಮೇಲೆ ಅವರು ೧೪ ತಿಂಗಳಲ್ಲಿ ಪ್ರಬಂಧವನ್ನು ಸಿದ್ಧಪಡಿಸಿದರು. ಅದು ಕೇವಲ ೪೦ ಪುಟಗಳದು. ಪುಟ ತುಂಬಿಸುವುದೇ ಪಾಂಡಿತ್ಯವೆಂದು ತಿಳಿದಿರುವ ನಮ್ಮಂತಹವರು ಇದನ್ನು ಮನಸ್ಸಿನಲ್ಲಿಡಬೇಕು. ೧೯೩೯ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಅವರು ಅಮೆರಿಕಾದ ಮಿಷಿಗನ್‌ನಿಂದ ೧೯೩೧ರಲ್ಲಿಯೇ ಡಾಕ್ಟರೇಟ್ ಪಡೆದಿದ್ದರು. ಬ್ರಿಟನ್ನಿನ ವಿಶ್ವವಿದ್ಯಾನಿಲಯದಿಂದ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯೆಂದು ಕಮಲಾ ಅವರನ್ನು ಗೌರವಿಸುತ್ತಾರೆ.

ಇಲ್ಲೊಂದು ಸ್ವಾರಸ್ಯವುಂಟು. ಆ ಕೇಂಬ್ರಿಜ್ ಕೂಡ ಅಂದು ಮಹಿಳೆಯರಿಗೆ ಪದವಿಯ ಹೆಸರನ್ನಷ್ಟೇ ಕೊಡುತ್ತಿದ್ದಿತು. ವಿಶ್ವವಿದ್ಯಾನಿಲಯದ ಪೂರ್ಣ ಸದಸ್ಯತ್ವವನ್ನು ಅವರಿಗೆ ಕೊಟ್ಟುದು ೧೯೪೮ರಲ್ಲಿ. ಷರತ್ತುಗಳು ನಮ್ಮ ದೇಶದ ಸೊತ್ತು ಮಾತ್ರವಾಗಿರಲಿಲ್ಲ.

ಕಾಳು, ನೀರಾ ಮತ್ತು ಭತ್ತದ ಹಿಟ್ಟು

ವಿದೇಶದಲ್ಲಿಯೇ ನಿಂತು ಹೆಸರು ಗಳಿಸುವ ಅವಕಾಶವಿದ್ದರೂ ಅವರು ೧೯೩೯ರಲ್ಲಿ ಸ್ವದೇಶಕ್ಕೆ ಮರಳಿದರು. ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್ನುಗಳ ಪರಿಣಾಮವನ್ನು ಅಭ್ಯಸಿಸಿದರು. ಆ ಸಂಶೋಧನಾಲಯವೇ ಮುಂದೆ ಹೈದರಾಬಾದಿಗೆ ಸ್ಥಳಾಂತರವಾಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆನಿಸಿತು. ೧೯೪೭ರಲ್ಲಿ ಶ್ರೀ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಿಕೆಯಾಗಿ ತಮ್ಮ ಶಿಷ್ಯರೊಡನೆ ನಡೆಸಿದ ಸಂಶೋಧನೆಗಳೇ ಅವರ ಜೀವನದ ತಿರುಳು.

ಮೊದಲನೆಯದು ಕಾಳುಗಳ ವಿಚಾರ. ಹಾಲು, ಮಾಂಸಗಳನ್ನು ಕೊಳ್ಳಲಾರದ ಬಡವನಿಗೆ ಪ್ರೋಟೀನು ದೊರೆಯುವುದು ಬೇಳೆಕಾಳಿನಿಂದ. ಆದರೆ ಹಸಿಕಾಳಿನಲ್ಲಿ ಒಂದು ತೊಡಕಿದೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಕತ್ತರಿಸಿ ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವಿದೆ. ಕೆಲವು ಕಾಳುಗಳಲ್ಲಿ ಆ ಟ್ರಿಪ್ಸಿನ್ನಿನ ಕೈ ಕಟ್ಟಿಹಾಕುವ ವಸ್ತುಗಳಿರುತ್ತವೆ. ಇಂತಹ ತಡೆವಸ್ತುಗಳನ್ನು ಭಾರತದ ಆಹಾರ ಪದಾರ್ಥಗಳಲ್ಲಿ ಹುಡುಕಿ, ಅವರೆಯಂತಹ ಕಾಳುಗಳಿಂದ ಅವನ್ನು ಬೇರ್ಪಡಿಸಿ ಶುದ್ಧಗೊಳಿಸುವ ಕೆಲಸವನ್ನು ಅವರೂ ಅವರ ಶಿಷ್ಯರೂ ೧೯೫೦ರ ದಶಕದಲ್ಲಿ ಮಾಡಿದರು. ಚೆನ್ನಾಗಿ ಬೇಯಿಸಿದರೆ ಈ ವಸ್ತುಗಳ ಬಲ ಬಹುಮಟ್ಟಿಗೆ ಮುರಿಯುತ್ತದೆ.

ಈ ಭಾಗವನ್ನು ಓದುವಾಗ ನನಗೆ ನಮ್ಮ ಮನೆಯ ಒಲೆ ಕಣ್ಣ ಮುಂದೆ ಬಂದಿತು. ‘ಕಾಳು ಚೆಂದಗ ಕುದಿಲಿಲ್ಲಂದ್ರ ಹೊಟ್ಟಿ ಕೇಳಂಗಿಲ್ಲ’ ಎಂದು ಅಜ್ಜಿ ಹೇಳುತ್ತಾಳೆ. ಅವಳು ಟ್ರಿಪ್ಸಿನ್ನಿನ ಹೆಸರನ್ನು ಕೇಳಿದವಳಲ್ಲ. ಅನುಭವವು ಕಂಡುಕೊಂಡ ಸತ್ಯಕ್ಕೆ ವಿಜ್ಞಾನವು ಕಾರಣವನ್ನು ಕೊಡುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಮೆಥಿಯೋನಿನ್ ಎಂಬ ಅಂಶ ಕಡಿಮೆ, ಅದನ್ನು ಧಾನ್ಯವು ತುಂಬಿಕೊಡುತ್ತದೆ. ರೊಟ್ಟಿ ಬ್ಯಾಳಿಗಳ ಜೋಡಿಯನ್ನು ನಮ್ಮ ಹಿರಿಯರು ಸುಮ್ಮನೆ ಕೂಡಿಸಿದುದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಮೇಲೆ ನಮ್ಮ ಸೀಮೆಯಲ್ಲಿ ಭತ್ತ ಬೆಳೆಯಿತು, ಸಿರಿ ಬಂದಿತು, ಸಂತೋಷವೇ. ಆದರೆ ಮೊದಲು ಹೊಲದಿಂದಲೇ ಮನೆಗೆ ಬರುತ್ತಿದ್ದ ತೊಗರಿ, ಹೆಸರು, ಮಡಿಕೆಗಳನ್ನು ಈಗ ಅಂಗಡಿಯಿಂದ ತರಬೇಕು. ದುಡ್ಡು ಸಾಲದಾದಾಗ ಮೊದಲು ತೆಳ್ಳಗಾಗುವುದು ಬ್ಯಾಳಿ. ಅದರಲ್ಲಿಯೂ ಕೊನೆಗೆ ಉಣ್ಣುವ ಹೆಣ್ಣುಮಕ್ಕಳ ತಾಟಿನ ಬ್ಯಾಳಿ. ಕಮಲಾ ಅವರ ವಿಜ್ಞಾನ ನಮ್ಮ ಊರಿಗೆ ಸಂಬಂಧಿಸಿದ್ದೆಂದು ನಾನು ಹೇಳುವುದು ಇದಕ್ಕಾಗಿ.

ಎರಡನೆಯದು ನೀರಾ. ಸೂರ್ಯೋದಯಕ್ಕೆ ಮುಂಚೆ ತಾಳೆಯ ಜಾತಿಯ ಮರಗಳಿಂದ ಇಳಿಸಿದ ಸಿಹಿರಸವೇ ನೀರಾ. ಹೊತ್ತೇರಿದಂತೆ ಹುಳಿತು ಅದೇ ಸೇಂದಿಯಾಗುತ್ತದೆ. ಮನೆ ಹಾಳುಮಾಡುವ ಸೇಂದಿಯನ್ನು ನಾವೆಲ್ಲ ಬಲ್ಲೆವು. ಅದೇ ಮರದ ಹುಳಿಯದ ರಸದಲ್ಲಿ ಆರೋಗ್ಯವಿರಬಹುದೇ ಎಂಬ ಪ್ರಶ್ನೆಯನ್ನು ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸೂಚನೆಯ ಮೇರೆಗೆ ಕಮಲಾ ಅವರು ಕೈಗೆತ್ತಿಕೊಂಡರು. ನೀರಾದಲ್ಲಿ ಎ ಮತ್ತು ಸಿ ವಿಟಮಿನ್ನುಗಳೂ ಕಬ್ಬಿಣವೂ ಇವೆಯೆಂದು, ರಸವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಅವು ಉಳಿಯುತ್ತವೆಯೆಂದು ಅವರು ಕಂಡುಕೊಂಡರು. ಗಿರಿಜನರ ಅರೆಹೊಟ್ಟೆಯ ಮಕ್ಕಳಿಗೂ ಗರ್ಭಿಣಿಯರಿಗೂ ಇದು ಅಗ್ಗದ ಪೋಷಣೆಯಾಗಬಲ್ಲುದೆಂಬುದು ಅವರ ಸಂಶೋಧನೆಯ ಸಾರ. ಈ ಕಾರ್ಯಕ್ಕೆ ಅವರಿಗೆ ರಾಷ್ಟ್ರಪತಿಯವರ ಪ್ರಶಸ್ತಿ ಲಭಿಸಿತು. ಭತ್ತದ ಹಿಟ್ಟಿನ ಪೋಷಣಾಗುಣವನ್ನೂ ಅವರ ತಂಡವು ಪರೀಕ್ಷಿಸಿತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಅವರು ಸಲಹೆಯಿತ್ತರು.

ಇಷ್ಟೆಲ್ಲ ಆದರೂ ಆ ಸಂಸ್ಥೆಯ ನಿರ್ದೇಶಕ ಪದವಿಯು ಅವರಿಗೆ ಸಕಾಲದಲ್ಲಿ ಬರಲಿಲ್ಲ. ನಾಲ್ಕು ವರ್ಷ ತಡವಾಗಿ ಬಂದಿತೆನ್ನುತ್ತಾರೆ. ಬಂದಾಗ ಅವರು ಆ ದೊಡ್ಡ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕರಾದರು. ಬಾಗಿಲು ಒಮ್ಮೆ ತೆರೆದರೆ ಮುಗಿಯಲಿಲ್ಲ. ಒಳಗೆ ಹೋದಮೇಲೆ ಮತ್ತೆ ಮತ್ತೆ ಬಾಗಿಲುಗಳಿವೆ.

ಕೊನೆಯ ದಿನಗಳು

ಅಧಿಕಾರದಿಂದ ಇಳಿದ ಮೇಲೆಯೂ ಅವರು ವಿಶ್ರಾಂತಿ ಬಯಸಲಿಲ್ಲ. ೧೯೬೬ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಕೂಡಿ ಸ್ಥಾಪಿಸಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು, ೧೯೮೨-೮೩ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ‘ಕೀಮತ್’ ಪತ್ರಿಕೆಯಲ್ಲಿ ಗ್ರಾಹಕರ ಕ್ಷೇಮದ ಬಗ್ಗೆ ಲೇಖನಗಳನ್ನು ಬರೆದರು. ಕೇಂಬ್ರಿಜ್‌ನ ಪಂಡಿತೆಯು ಸಂತೆಯ ತಕ್ಕಡಿಯ ಮಾತನಾಡುವುದು ಸಣ್ಣತನವೆಂದು ಅವರು ಭಾವಿಸಲಿಲ್ಲ.

೧೯೯೮ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೆಹಲಿಯಲ್ಲಿ ಅವರಿಗೆ ಸನ್ಮಾನವನ್ನು ಏರ್ಪಡಿಸಿತು. ಆ ಸಮಾರಂಭದಲ್ಲಿಯೇ ಅವರು ಕುಸಿದುಬಿದ್ದು, ಸ್ವಲ್ಪ ಕಾಲದಲ್ಲಿಯೇ ನಿಧನರಾದರು. ೨೦೨೩ರ ಜೂನ್ ೧೮ರಂದು, ಅವರ ಜನ್ಮದಿನದಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಪ್ರಕಟಿಸಿತು. ಜೀವಮಾನದಲ್ಲಿ ಹೆಚ್ಚಾಗಿ ದೊರೆಯದ ಪ್ರಸಿದ್ಧಿ ಆಮೇಲೆ ಮೊಬೈಲಿನ ತೆರೆಯ ಮೇಲೆ ದೊರೆಯಿತು.

ನಾವು ಕಲಿಯತಕ್ಕದ್ದು

ಈ ಜೀವನದಿಂದ ‘ಕಷ್ಟಪಟ್ಟರೆ ಫಲವುಂಟು’ ಎಂಬ ಒಂದೇ ನೀತಿಯನ್ನು ತೆಗೆದರೆ ಸಾಲದೆಂದು ನನ್ನ ನಮ್ರ ಅಭಿಪ್ರಾಯ. ಕಮಲಾ ಅವರು ಮೊದಲ ದರ್ಜೆಯ ವಿದ್ಯಾರ್ಥಿನಿ, ವಿದ್ಯಾವಂತರ ಮನೆಯ ಮಗಳು, ನಿರ್ದೇಶಕರ ಎದುರು ನಿಂತು ಪ್ರಶ್ನೆ ಕೇಳುವ ಧೈರ್ಯವುಳ್ಳವರು. ಅವರಿಗೇ ಇಷ್ಟು ಕಷ್ಟವಾಯಿತು. ಹಾಗಾದರೆ ಸಾಧಾರಣ ಅಂಕದ, ಓದು ಬಾರದ ತಂದೆತಾಯಿಗಳ, ಪ್ರಶ್ನೆ ಕೇಳಲು ಅಂಜುವ ಹುಡುಗಿಯರ ಗತಿಯೇನು? ಬಾಗಿಲನ್ನು ಒಡೆಯುವ ಶಕ್ತಿಯುಳ್ಳವರಿಗೆ ಮಾತ್ರ ಒಳಗೆ ಎಡೆಯೆಂದರೆ ಅದು ನ್ಯಾಯವಲ್ಲ. ಅಸಾಧಾರಣರು ತೆರೆದ ಬಾಗಿಲಲ್ಲಿ ಸಾಧಾರಣರೂ ನಡೆದು ಬರುವಂತಾದಾಗಲೇ ಅವರ ಶ್ರಮ ಸಾರ್ಥಕ.

ನನ್ನ ತಂಗಿ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೆ ವಿಜ್ಞಾನದ ಮೇಲೆ ಆಸೆ. ಜೂನಿನಲ್ಲಿ ಮನೆಯಲ್ಲಿ ಮತ್ತೆ ಮಾತು ಬರುತ್ತದೆ. ದೂರ, ಖರ್ಚು, ಮಂದಿಯ ಬಾಯಿ ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ನಾನು ಮೂರು ವರ್ಷ ಸಂಜೆಯ ಬಸ್ಸು ತಪ್ಪಿಸಿಲ್ಲ, ಯಾವ ವಿಷಯದಲ್ಲಿಯೂ ನಪಾಸಾಗಿಲ್ಲ. ಆ ಲೆಕ್ಕವನ್ನು ಅವಳ ಪರವಾಗಿ ಅಪ್ಪನ ಮುಂದೆ ಇಡಬೇಕೆಂದಿದ್ದೇನೆ. ನನ್ನ ಷರತ್ತುಗಳನ್ನೇ ಅವಳಿಗೂ ಹಾಕಬೇಡಿರೆಂದು ಕೇಳಬೇಕೆಂದಿದ್ದೇನೆ.

ಸಹಪಾಠಿ ಸೋದರ ಸೋದರಿಯರೇ, ನಾಳೆ ನಮ್ಮಲ್ಲಿ ಕೆಲವರು ಶಿಕ್ಷಕರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ, ಎಲ್ಲರೂ ತಂದೆತಾಯಿಗಳಾಗುವಿರಿ. ಅಂದು ಒಬ್ಬ ಹುಡುಗಿ ಅರ್ಜಿ ಹಿಡಿದು ನಿಮ್ಮ ಮುಂದೆ ಬಂದರೆ, ಅವಳ ಅಂಕಗಳನ್ನು ನೋಡಿರಿ, ಆಸಕ್ತಿಯನ್ನು ನೋಡಿರಿ. ಸೋದರನಿಗೆ ಹಾಕದ ಷರತ್ತನ್ನು ಅವಳಿಗೆ ಹಾಕಬೇಡಿರಿ. ಕಮಲಾ ಸೊಹೋನಿಯವರಿಗೆ ನಾವು ಸಲ್ಲಿಸಬಹುದಾದ ಗೌರವವು ಇಷ್ಟೇ.